ಕೇಡಿನ ನಾಡಿನ ಕಥೆಗಳು ಮತ್ತು ನಮ್ಮ ಹೆಣ್ಣುಮಕ್ಕಳು

ಹದಿಮೂರು ಹದಿನಾಲ್ಕು ವರ್ಷದ ಹೆಣ್ಣುಮಕ್ಕಳು ಇಂಗ್ಲಿಷ್ ಭಾಷೆಯಲ್ಲಿ ಸ್ವಲ್ಪ ಸಲಿಗೆಯನ್ನು ಸಂಪಾದಿಸಿದೊಡನೆ ಆಸೆಪಟ್ಟು ಕೈಗೆತ್ತಿಕೊಳ್ಳುವ ಕಾದಂಬರಿಗಳಲ್ಲಿ ಒಂದು ವಿಶೇಷವಾದ ಬಗೆಯುಂಟು. ಇವುಗಳ ಕಥೆ ನಡೆಯುವುದು ಮುಂದೆಂದೋ ಬರಲಿರುವ ಕಾಲದಲ್ಲಿ. ಅಲ್ಲಿ ಯಂತ್ರಗಳಿಗೆ ಕೊರತೆಯಿಲ್ಲ, ನಿಯಮಗಳಿಗಂತೂ ಕೊರತೆಯೇ ಇಲ್ಲ. ಮನುಷ್ಯನು ಮಾತ್ರ ಮನುಷ್ಯನಂತೆ ಬಾಳಲಾರನು. ಅಂತಹ ರಾಜ್ಯದಲ್ಲಿ ಹದಿಹರೆಯದ ಒಬ್ಬ ಹುಡುಗನೋ, ಈಚೆಗೆ ಬಹುಮಟ್ಟಿಗೆ ಒಬ್ಬ ಹುಡುಗಿಯೋ, ತನ್ನ ಸುತ್ತಣ ವ್ಯವಸ್ಥೆಯ ಮರ್ಮವನ್ನು ಕಂಡುಕೊಂಡು ಅದಕ್ಕೆ ಎದುರಾಗಿ ನಿಲ್ಲುವುದೇ ಕಥೆಯ ತಿರುಳು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ನಮ್ಮ ತಾಯ್ತಂದೆಯರಲ್ಲಿ ಈ ಪುಸ್ತಕಗಳನ್ನು ಕಂಡು ಕಳವಳಪಡುವವರು ಉಂಟು. "ಮಕ್ಕಳು ಮಕ್ಕಳನ್ನೇ ಕೊಲ್ಲುವ ಕಥೆಯಂತೆ! ಇದನ್ನು ಓದಿ ಕಲಿಯತಕ್ಕದ್ದಾದರೂ ಏನು?" ಎಂದು ಅವರು ಕೇಳುವರು. ಪ್ರಶ್ನೆ ನ್ಯಾಯವಾದುದೇ. ಇಂತಹ ಪ್ರಶ್ನೆ ನಮ್ಮಲ್ಲಿ ಮಾತ್ರ ಹುಟ್ಟಿದ್ದೂ ಅಲ್ಲ. ಅಮೆರಿಕದ ಅನೇಕ ಊರುಗಳಲ್ಲಿ ತಾಯ್ತಂದೆಯರು ಈ ಜಾತಿಯ ಪುಸ್ತಕಗಳನ್ನು ಶಾಲೆಯ ಭಂಡಾರದಿಂದ ತೆಗೆದುಹಾಕಬೇಕೆಂದು ಅರ್ಜಿಗಳನ್ನು ಕೊಟ್ಟಿದ್ದುಂಟು. ಆದರೆ ಬೇಡವೆನ್ನುವ ಮುನ್ನ ವಸ್ತು ಏನೆಂಬುದನ್ನು ತಿಳಿಯಬೇಕಷ್ಟೆ.

ಇಂಗ್ಲಿಷಿನಲ್ಲಿ ಇಂತಹ ಕಥೆಗೆ ಡಿಸ್ಟೋಪಿಯ ಎಂದು ಹೆಸರು. ಸರ್ ಥಾಮಸ್ ಮೋರ್ ಎಂಬಾತನು ೧೫೧೬ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ದ್ವೀಪದ ವರ್ಣನೆಯನ್ನು ಬರೆದು ಆ ದ್ವೀಪಕ್ಕೆ ಯುಟೋಪಿಯ ಎಂಬ ಹೆಸರನ್ನಿಟ್ಟನು. ಅದನ್ನು ಗ್ರೀಕ್ ಪದಗಳಿಂದ ಕಟ್ಟಿರುವನು. ಎಲ್ಲಿಯೂ ಇಲ್ಲದ ಊರೆಂದು ಅರ್ಥ. ಅಲ್ಲಿ ಹೊನ್ನಿಗೆ ಬೆಲೆಯಿಲ್ಲ, ಹಸಿದವರಿಲ್ಲ. ಮುಂದೆ ೧೮೬೮ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಮಹಾಶಯನು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಐರ್ಲೆಂಡಿನ ವಿಚಾರವಾಗಿ ಮಾತನಾಡುತ್ತ ಆ ಪದವನ್ನು ತಿರುಗಿಸಿ, ಕೆಟ್ಟ ಊರನ್ನು ಬಯಸುವವರೆಂಬ ಅರ್ಥದಲ್ಲಿ ಹೊಸದೊಂದು ಪದವನ್ನು ಬಳಸಿದನು. ನಾವು ಕನ್ನಡದಲ್ಲಿ ಇವನ್ನು ಕೇಡಿನ ನಾಡಿನ ಕಥೆಗಳೆಂದು ಕರೆದರೆ ಸಾಕು. ರಷ್ಯದ ಜಮ್ಯಾಟಿನ್, ೧೯೩೨ರಲ್ಲಿ ಹಕ್ಸ್‌ಲಿ, ೧೯೪೯ರಲ್ಲಿ ಆರ್ವೆಲ್ ಇವರು ದೊಡ್ಡವರಿಗಾಗಿ ಇಂತಹ ಗ್ರಂಥಗಳನ್ನು ಬರೆದು ಪ್ರಖ್ಯಾತರಾದರು. ಇವರಲ್ಲಿ ಕೊನೆಯವನು ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ ಎಂಬುದು ನಮ್ಮವರಿಗೆ ಅಷ್ಟಾಗಿ ತಿಳಿಯದು. ದೊಡ್ಡವರ ಗ್ರಂಥಗಳಲ್ಲಿ ನಾಯಕನು ಸಾಮಾನ್ಯವಾಗಿ ಸೋತುಹೋಗುವನು. ಎಳೆಯರಿಗಾಗಿ ಬರೆದವುಗಳಲ್ಲಿ ಕಿಂಡಿಯೊಂದು ತೆರೆದೇ ಇರುತ್ತದೆ. ಎರಡಕ್ಕೂ ಇರುವ ಮುಖ್ಯ ಭೇದವಿದು.

ಇನ್ನು ಮಕ್ಕಳನ್ನು ಮಕ್ಕಳು ಕೊಲ್ಲುವರೆಂಬ ಆ ಪುಸ್ತಕಕ್ಕೆ ಬರೋಣ. ಅದು ಸುಜಾನ್ ಕಾಲಿನ್ಸ್ ಎಂಬ ಅಮೆರಿಕದ ಲೇಖಕಿ ೧೯೬೦ರ ದಶಕದಲ್ಲಿ ಹುಟ್ಟಿ ೨೦೦೮ರಲ್ಲಿ ಪ್ರಕಟಿಸಿದ 'ದಿ ಹಂಗರ್ ಗೇಮ್ಸ್'. ಒಂದು ರಾಜಧಾನಿ, ಅದಕ್ಕೆ ಅಧೀನವಾದ ಹನ್ನೆರಡು ಸೀಮೆಗಳು. ಹಿಂದೊಮ್ಮೆ ಸೀಮೆಗಳು ದಂಗೆಯೆದ್ದುದಕ್ಕೆ ಶಿಕ್ಷೆಯಾಗಿ, ಪ್ರತಿ ಸೀಮೆಯೂ ವರ್ಷವರ್ಷವೂ ಹನ್ನೆರಡರಿಂದ ಹದಿನೆಂಟು ವಯಸ್ಸಿನ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಚೀಟಿಯೆತ್ತಿ ಕಳುಹಿಸಬೇಕು. ಆ ಇಪ್ಪತ್ತನಾಲ್ಕು ಮಂದಿಯನ್ನು ಒಂದು ಕಣದಲ್ಲಿ ಬಿಟ್ಟು, ಒಬ್ಬರು ಉಳಿಯುವವರೆಗೆ ಹೋರಾಡಿಸಿ, ಅದನ್ನು ದೇಶವೆಲ್ಲ ನೋಡುವಂತೆ ಪ್ರಸಾರಮಾಡುವರು. ಹನ್ನೆರಡು ವರ್ಷದ ತಂಗಿಯ ಚೀಟಿ ಬಂದಾಗ ಹದಿನಾರು ವರ್ಷದ ಅಕ್ಕನು, ಕ್ಯಾಟ್ನಿಸ್ ಎಂಬವಳು, ಅವಳ ಬದಲಿಗೆ ತಾನು ಹೊರಡುವಳು.

ಭಯಂಕರವೆಂದು ಕಿವಿ ಮುಚ್ಚಿಕೊಳ್ಳುವ ಮೊದಲು ಏಕಚಕ್ರನಗರವನ್ನು ನೆನೆಯೋಣ. ಬಕಾಸುರನಿಗೆ ಸರದಿಯಂತೆ ಮನೆಗೊಬ್ಬರು, ಒಂದು ಬಂಡಿ ಅನ್ನ, ಎರಡು ಕೋಣಗಳು. ಪ್ರತಿಯಾಗಿ ಆ ರಾಕ್ಷಸನು ಪರಶತ್ರುಗಳಿಂದ ನಾಡನ್ನು ಕಾಯುವನು; ಅರಸನೋ ಕೈಲಾಗದವನು. ಊರವರು ಇದಕ್ಕೆ ಒಗ್ಗಿಹೋಗಿದ್ದರು. ಸರದಿ ಬಂದ ಬ್ರಾಹ್ಮಣನ ಮನೆಯಲ್ಲಿ ಗಂಡನು ತಾನು ಹೋಗುವೆನೆನ್ನುವನು, ಹೆಂಡತಿ ತಾನೆನ್ನುವಳು. ಆಗ ಮಗಳು, ನನ್ನನ್ನು ಎಂದಿದ್ದರೂ ಕೊಟ್ಟು ಕಳುಹಿಸತಕ್ಕವರೇ ಅಲ್ಲವೆ, ಆದ್ದರಿಂದ ಈಗಲೇ ಕಳುಹಿಸಿ ಎಂಬಂತೆ ವಾದಿಸುವಳು. ಇನ್ನೂ ಮಾತು ತೊದಲುವ ತಮ್ಮನು ಹುಲ್ಲುಕಡ್ಡಿಯೊಂದನ್ನು ಹಿಡಿದು ಇದರಿಂದಲೇ ರಾಕ್ಷಸನನ್ನು ಕೊಲ್ಲುವೆನೆನ್ನುವನು. ಭಾರತದ ಈ ಭಾಗವನ್ನು ಕೇಳಿ ಬೆಳೆದ ನಮ್ಮ ಅಜ್ಜಿಯರಲ್ಲಿ ಯಾರೂ ಇದರಿಂದ ಕೆಟ್ಟವರಿಲ್ಲ. ಕಾಲಿನ್ಸ್ ಆಕೆಗೆ ಪ್ರೇರಣೆಯಾದದ್ದೂ ಇಂತಹುದೇ ಒಂದು ಗ್ರೀಕ್ ಪುರಾಣ. ಅಥೆನ್ಸ್ ನಗರವು ಏಳು ಮಂದಿ ಹುಡುಗರನ್ನೂ ಏಳು ಮಂದಿ ಹುಡುಗಿಯರನ್ನೂ ಕ್ರೀಟ್ ದ್ವೀಪದ ಗೂಳಿಮೊಗದ ದೈತ್ಯನಿಗೆ ಕಪ್ಪವಾಗಿ ಒಪ್ಪಿಸುತ್ತಿದ್ದ ಕಥೆ ಅದು.

ಪುರಾಣಕ್ಕೂ ಹೊಸ ಕಾದಂಬರಿಗೂ ಒಂದು ವ್ಯತ್ಯಾಸವಿದೆ. ಬಕನು ರಾಕ್ಷಸನು, ಅವನನ್ನು ಕೊಂದರೆ ತೀರಿತು. ಕಾದಂಬರಿಯಲ್ಲಿ ರಾಕ್ಷಸನ ಸ್ಥಾನದಲ್ಲಿ ಕುಳಿತಿರುವುದು ಒಂದು ಲೆಕ್ಕದ ಪುಸ್ತಕ. ಹನ್ನೆರಡನೆಯ ವಯಸ್ಸಿನಲ್ಲಿ ಮಗುವಿನ ಹೆಸರಿನ ಚೀಟಿ ಒಂದು, ಹದಿಮೂರರಲ್ಲಿ ಎರಡು, ಹೀಗೆ ಏರುತ್ತ ಹದಿನೆಂಟಕ್ಕೆ ಏಳು. ಇಷ್ಟಾದರೆ ಬಡವರಿಗೂ ಬಲ್ಲಿದರಿಗೂ ಒಂದೇ ನ್ಯಾಯವೆನ್ನಬಹುದಾಗಿತ್ತು. ಆದರೆ ಹಸಿದ ಮನೆಯ ಮಗುವು ತನ್ನ ಹೆಸರಿನ ಚೀಟಿಯನ್ನು ಇನ್ನೊಂದು ಸಲ ಹಾಕಿಸಿದರೆ, ಒಬ್ಬರಿಗೆ ಒಂದು ವರ್ಷಕ್ಕೆ ಆಗುವಷ್ಟು ಕಾಳೂ ಎಣ್ಣೆಯೂ ಸಿಗುತ್ತವೆ. ಮನೆಯಲ್ಲಿ ಎಷ್ಟು ಬಾಯಿಗಳುಂಟೋ ಅಷ್ಟು ಸಲ ಹಾಕಿಸಬಹುದು. ಚೀಟಿಗಳು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುವುವು. ಹೀಗಾಗಿ ಹದಿನಾರು ವರ್ಷಕ್ಕೆ ಕ್ಯಾಟ್ನಿಸಳ ಹೆಸರಿನಲ್ಲಿ ಇಪ್ಪತ್ತು ಚೀಟಿಗಳು! ಯಾರೂ ಬಡವರ ಮಕ್ಕಳನ್ನೇ ಹಿಡಿದು ಕಳುಹಿಸಿರೆಂದು ಆಜ್ಞೆ ಮಾಡಿಲ್ಲ. ಲೆಕ್ಕವೇ ಆ ಕೆಲಸವನ್ನು ಮಾಡಿಕೊಡುತ್ತದೆ. ನನ್ನ ಎಣಿಕೆಯಲ್ಲಿ ಇಡೀ ಗ್ರಂಥದ ಸಾರ ಈ ಲೆಕ್ಕದಲ್ಲಿದೆ. ಕಣದಲ್ಲಿ ನಡೆಯುವ ಹೊಡೆದಾಟವಲ್ಲ, ಇದು ಓದುಗಳ ಮನಸ್ಸಿನಲ್ಲಿ ನಿಲ್ಲಬೇಕಾದದ್ದು. ಸೀಮೆಯಲ್ಲಿ ಕೂಲಿಗೆ ಹೋಗುವ ಮಕ್ಕಳು ಯಾರ ಮನೆಯವರು, ಶಾಲೆ ಬಿಡಿಸಲ್ಪಡುವವರು ಯಾರ ಮನೆಯವರು ಎಂದು ನೋಡಿದರೆ ಇಂತಹ ಲೆಕ್ಕಗಳು ಕಥೆಯ ಹೊರಗೂ ಉಂಟೆಂದು ತಿಳಿಯುವುದು.

ಇದಕ್ಕಿಂತ ಮೃದುವಾದ, ಆದರೆ ನನಗೆ ಇದಕ್ಕಿಂತ ಆಳವಾಗಿ ತೋರುವ ಪುಸ್ತಕ ಲೋಯಿಸ್ ಲೌರಿಯವರ 'ದಿ ಗಿವರ್'. ೧೯೯೩ರಲ್ಲಿ ಪ್ರಕಟವಾಗಿ ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ನ್ಯೂಬೆರಿ ಪದಕವನ್ನು ಪಡೆಯಿತು. ಇದರಲ್ಲಿ ಹಸಿವಿಲ್ಲ, ಜಗಳವಿಲ್ಲ, ಸುಳ್ಳಿಲ್ಲ. ಹನ್ನೆರಡನೆಯ ವರ್ಷದಲ್ಲಿ ಹಿರಿಯರು ಪ್ರತಿ ಮಗುವಿಗೂ ತಕ್ಕ ಉದ್ಯೋಗವನ್ನು ಗೊತ್ತುಮಾಡಿಕೊಡುವರು. ಗಂಡ, ಹೆಂಡತಿ, ಮಕ್ಕಳು ಎಲ್ಲವನ್ನೂ ಸಮಿತಿಯವರೇ ಜೋಡಿಸಿಕೊಡುವರು. ಓದುತ್ತ ಓದುತ್ತ ನಮಗೂ, ಆಹಾ, ಎಂತಹ ಅಚ್ಚುಕಟ್ಟು ಎನಿಸುವುದು. ಅಲ್ಲಿಯ ಜನರಿಗೆ ಬಣ್ಣಗಳು ಕಾಣವೆಂಬುದು, ಹಳೆಯದರ ನೆನಪು ಇಲ್ಲವೆಂಬುದು ಆಮೇಲೆ ಒಂದೊಂದಾಗಿ ತಿಳಿಯುವುವು. ಊರಿನ ನೆನಪುಗಳನ್ನೆಲ್ಲ ಒಬ್ಬನೇ ಹೊತ್ತುಕೊಂಡಿರಬೇಕೆಂದು ಜೋನಸ್ ಎಂಬ ಹುಡುಗನನ್ನು ಆರಿಸುವರು. 'ಬಿಡುಗಡೆ'ಯೆಂದು ಊರವರು ಸೌಮ್ಯವಾಗಿ ಹೇಳುವ ಮಾತಿನ ಅರ್ಥ ಕೊಲ್ಲುವುದೆಂದು, ತನ್ನ ತಂದೆಯೇ ಎಳೆಗೂಸಿಗೆ ಅದನ್ನು ಮಾಡುವುದನ್ನು ಕಂಡು ಅವನಿಗೆ ತಿಳಿಯುವುದು. ತಂದೆಯು ಕ್ರೂರಿಯಲ್ಲ. ಒಳ್ಳೆಯವನು, ಮಕ್ಕಳನ್ನು ಪ್ರೀತಿಸತಕ್ಕವನು. ತನ್ನ ಕೈ ಏನು ಮಾಡುತ್ತಿದೆಯೆಂಬ ಪ್ರಶ್ನೆ ಅವನಲ್ಲಿ ಎಂದೂ ಹುಟ್ಟಲಿಲ್ಲ, ಅಷ್ಟೆ.

ಒಳ್ಳೆಯವರಾದ ಹಿರಿಯರು ಒಂದು ವ್ಯವಸ್ಥೆಯನ್ನು ಗೊತ್ತುಮಾಡುವರು. ಅದರ ಬೆಲೆಯನ್ನು ಕಿರಿಯರು ತೆರುವರು. ಕಿರಿಯರನ್ನು ಯಾರೂ ಕೇಳಿರುವುದಿಲ್ಲ. ಈ ಜಾತಿಯ ಕಥೆಗಳೆಲ್ಲ ಸುತ್ತುವುದು ಈ ಒಂದು ಸಂಗತಿಯನ್ನು. ಇದು ನಮಗೆ ಹೊಸದಲ್ಲವೆಂಬುದಕ್ಕೆ 'ಕೆರೆಗೆ ಹಾರ' ಎಂಬ ನಮ್ಮ ಹಳ್ಳಿಯ ಹಾಡೇ ಸಾಕ್ಷಿ. ಕಲ್ಲನಕೇರಿಯ ಮಲ್ಲನಗೌಡನು ಕೆರೆ ಕಟ್ಟಿಸಿದನು, ನೀರು ಬರಲಿಲ್ಲ, ಸೊಸೆಯೊಬ್ಬಳನ್ನು ಆಹುತಿ ಕೊಡಬೇಕೆಂದು ಹೊತ್ತಗೆ ನೋಡಿದವನು ಹೇಳಿದನು, ಮನೆಯವರು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದರು. ಗಂಡನು ದಂಡಿನಲ್ಲಿದ್ದನು. ಈ ಹಾಡನ್ನು ತ್ಯಾಗದ ಹಾಡೆಂದು ನಾವೆಲ್ಲರೂ ಪಾಠಮಾಡಿಸಿಕೊಂಡವರೇ. ನನ್ನ ಗಮನವನ್ನು ಎಂದೂ ಸೆಳೆಯುವ ಭಾಗ ಬೇರೆ. ವಿಷಯವನ್ನು ತಿಳಿದ ಭಾಗೀರಥಿಯು ತೌರಿಗೆ ಓಡಿಹೋಗುವಳು. ಮುಖವೇಕೆ ಬಾಡಿದೆಯೆಂದು ತಂದೆ ಕೇಳಿದರೆ, ಅತ್ತೆಯ ಮನೆಯವರು ತನ್ನನ್ನು ಬೇರೆ ಇಡುತ್ತಾರಂತೆ ಎಂದು ನೆವ ಹೇಳುವಳು. ತಾಯಿಗೂ ಅದೇ ಮಾತು. ಹೋದರೆ ಹೋಗಲಿ, ಹೊಲಮನೆ ಕೊಡಿಸೋಣ, ಒಡವೆ ಕೊಡೋಣವೆಂದು ಅವರು ಸಮಾಧಾನ ಹೇಳುವರು. ನಿಜವನ್ನು ಅವಳು ಹೇಳಿದ್ದು ಗೆಳತಿಯೊಬ್ಬಳ ಮುಂದೆ ಮಾತ್ರ. ಆ ಗೆಳತಿಯಾದರೂ, ಕೊಟ್ಟರೆ ಕೊಡಲಿ, ಇಟ್ಟಂತೆ ಇರಬೇಕೆಂದು ಹೇಳಿ ಕಳುಹಿಸಿಬಿಟ್ಟಳು.

ಹೆತ್ತವರು ಎದುರಿನಲ್ಲಿಯೇ ಇದ್ದರು, ಪ್ರೀತಿಗೆ ಕೊರತೆಯಿರಲಿಲ್ಲ, ಕೇಳಿದರು ಕೂಡ. ಆದರೂ ಮಗಳ ಬಾಯಿಂದ ಮಾತು ಹೊರಡಲಿಲ್ಲ. ಇದೇಕೆ ಎಂಬುದನ್ನು ತಾಯ್ತಂದೆಯರಾದವರು ಒಂದು ಗಳಿಗೆ ಯೋಚಿಸಬೇಕು. ತನಗೆ ಆಗುತ್ತಿರುವುದು ಅನ್ಯಾಯವೆಂದು ಹೇಳಲು ಬೇಕಾದ ಮಾತನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಕೆರೆಗೆ ನೀರು ಬೇಕು, ಊರಿಗೆ ಕೆರೆ ಬೇಕು. ಇದಕ್ಕೆ ಎದುರಾಗಿ ಹದಿಹರೆಯದ ಸೊಸೆಯೊಬ್ಬಳು ಏನೆಂದಾಳು? ಕೇಡಿನ ನಾಡಿನ ಕಾದಂಬರಿಗಳನ್ನು ಓದಿದ ಹುಡುಗಿಗೆ ಹೆಚ್ಚೇನೂ ದೊರೆಯದಿದ್ದರೂ ಆ ಮಾತು ದೊರೆಯುವುದು. ಪರೀಕ್ಷೆಗೆ ಮುಂಚೆಯೇ ಮದುವೆ ಗೊತ್ತಾದ ಮಗಳು, ತಮ್ಮನ ಓದಿಗಾಗಿ ತನ್ನ ಓದು ನಿಂತ ಮಗಳು, ಮನೆಯಲ್ಲಿ ಕುಳಿತು ಹೇಳಲಿ. ನೆವ ಹೇಳಿ ಹಿಂದಿರುಗದಿರಲಿ. ಇದರಿಂದ ಮಕ್ಕಳು ಎದುರುವಾದಿಗಳಾಗುವರೆಂದು ಅಂಜುವವರಿಗೆ ನನ್ನ ಉತ್ತರವಿಷ್ಟೆ: ಎದುರು ಮಾತನಾಡುವ ಮಗಳ ಸಂಕಟ ತಂದೆಗೆ ತಿಳಿಯುವುದು, ಮಾತನಾಡದವಳದು ತಿಳಿಯದು.

ನಮ್ಮ ದೇಶದ ಹೆಂಗಸರೇ ಇಂತಹ ಕಥೆಗಳನ್ನು ಬರೆದಿರುವುದುಂಟು. ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಅವರು ೧೯೦೫ರಲ್ಲಿ, ಮದರಾಸಿನಿಂದ ಹೊರಡುತ್ತಿದ್ದ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' ಎಂಬ ಪತ್ರಿಕೆಯಲ್ಲಿ 'ಸುಲ್ತಾನಾಳ ಕನಸು' ಎಂಬ ಇಂಗ್ಲಿಷ್ ಕಥೆಯನ್ನು ಪ್ರಕಟಿಸಿದರು. ಆ ಪತ್ರಿಕೆಯನ್ನು ನಡಸುತ್ತಿದ್ದವರು ಕಮಲಾ ಸತ್ಯನಾಥನ್ ಎಂಬ ಕ್ರೈಸ್ತ ಮಹಿಳೆ. ಕಥೆಯಲ್ಲಿರುವುದು ಕೇಡಿನ ನಾಡಲ್ಲ, ಅದರ ತಿರುವುಮುರುವು. ಗಂಡಸರು ಒಳಮನೆಯಲ್ಲಿ ಗೋಷೆಯಲ್ಲಿರುವರು; ಹೆಂಗಸರು ರಾಜ್ಯವಾಳುವರು. ಹೆಂಗಸರ ಕಾಲೇಜಿನವರು ಆಕಾಶಕ್ಕೆ ಒಂದು ಬುರುಡೆಯನ್ನು ಹಾರಿಸಿ, ಕೊಳವೆಗಳ ಮೂಲಕ ಮೋಡದಿಂದಲೇ ನೀರನ್ನು ಇಳಿಸಿಕೊಳ್ಳುವರು. ಬಿಸಿಲಿನ ಶಾಖವನ್ನು ಕೂಡಿಟ್ಟು ಅದರಿಂದ ಅಡುಗೆಮಾಡುವರು. ಇಪ್ಪತ್ತೊಂದು ವರ್ಷ ತುಂಬುವವರೆಗೆ ಹೆಣ್ಣಿಗೆ ಮದುವೆಯಿಲ್ಲ. ನಮ್ಮ ದೇಶದಲ್ಲಿ ಶಾರದಾ ಕಾಯಿದೆಯು ಹೆಣ್ಣಿನ ಮದುವೆಯ ವಯಸ್ಸನ್ನು ಹದಿನಾಲ್ಕೆಂದು ವಿಧಿಸಿದ್ದು ೧೯೨೯ರಲ್ಲಿ ಎಂಬುದನ್ನು ಇದರೊಡನೆ ಇಟ್ಟು ನೋಡಬೇಕು. ಕನಸು ಕಂಡು ಸುಮ್ಮನಾದವರಲ್ಲ ಆ ತಾಯಿ. ೧೯೧೧ರಲ್ಲಿ ಕಲ್ಕತ್ತೆಯಲ್ಲಿ ಎಂಟು ಮಂದಿ ವಿದ್ಯಾರ್ಥಿನಿಯರೊಡನೆ ಒಂದು ಹೆಣ್ಣುಮಕ್ಕಳ ಶಾಲೆಯನ್ನು ಆರಂಭಿಸಿ, ೧೯೩೨ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕಾಗಿ ದುಡಿದರು.

ಸುಮಾರು ನೂರು ವರ್ಷಗಳ ಮೇಲೆ, ೨೦೦೮ರಲ್ಲಿ, ಮಂಜುಳಾ ಪದ್ಮನಾಭನ್ ಅವರು 'ಎಸ್ಕೇಪ್' ಎಂಬ ಕಾದಂಬರಿಯನ್ನು ಬರೆದರು. ಇದು ನಿಜವಾಗಿ ಕೇಡಿನ ನಾಡು. ಹೆಣ್ಣು ಸಂತಾನವನ್ನೇ ಅಳಿಸಿಹಾಕಿದ ದೇಶದಲ್ಲಿ ಉಳಿದಿರುವ ಒಬ್ಬಳೇ ಹುಡುಗಿ ಮೇಜಿ. ಅವಳನ್ನು ಬಚ್ಚಿಟ್ಟು ಸಾಕಿದ ಮೂವರು ದೊಡ್ಡಪ್ಪ ಚಿಕ್ಕಪ್ಪಂದಿರು. ಇದನ್ನು ಅತಿಶಯೋಕ್ತಿಯೆನ್ನುವವರು ೨೦೧೧ರ ಜನಗಣತಿಯನ್ನು ನೋಡಲಿ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ದೇಶದಲ್ಲಿದ್ದ ಹೆಣ್ಣುಮಕ್ಕಳು ೯೨೦ಕ್ಕಿಂತಲೂ ಕಡಮೆ. ಗರ್ಭದಲ್ಲಿಯೇ ಹೆಣ್ಣೆಂದು ಪತ್ತೆಮಾಡಬಾರದೆಂಬ ಕಾಯಿದೆ ಬಂದದ್ದು ೧೯೯೪ರಲ್ಲಿ. ಅದು ಬಂದು ಹದಿನೇಳು ವರ್ಷದ ಮೇಲೂ ಸ್ಥಿತಿ ಹೀಗಿತ್ತು. ಪುಸ್ತಕ ಕಠಿನವಾದುದು, ಚಿಕ್ಕವರಿಗೆ ತಕ್ಕುದಲ್ಲ, ತಾಯಂದಿರು ಓದಬೇಕಾದುದು.

ಇಂತಹ ಕಥೆಯನ್ನು ಕಟ್ಟುವ ಬಗೆಯನ್ನು ತಿಳಿದರೆ ಓದುವ ಕಣ್ಣು ಚುರುಕಾಗುವುದು. ಕಥೆಗಾರರು ಇಂದಿನ ಒಂದು ಸಣ್ಣ ರೂಢಿಯನ್ನು ಎತ್ತಿಕೊಂಡು, ಅದನ್ನು ತಡೆಯುವವರಿಲ್ಲದಿದ್ದರೆ ಎಲ್ಲಿಗೆ ಹೋಗಿ ಮುಟ್ಟೀತೆಂದು ಎಳೆಯುತ್ತ ಹೋಗುವರು. ಸ್ಕಾಟ್ ವೆಸ್ಟರ್‌ಫೆಲ್ಡ್ ಎಂಬಾತನ 'ಅಗ್ಲೀಸ್' ಎಂಬ ೨೦೦೫ರ ಕಾದಂಬರಿಯಲ್ಲಿ ಹದಿನಾರು ವರ್ಷಕ್ಕೆ ಎಲ್ಲರಿಗೂ ಶಸ್ತ್ರಚಿಕಿತ್ಸೆ ಮಾಡಿ ಒಂದೇ ಅಂದದ ರೂಪವನ್ನು ಕೊಡುವರು. ಆಗ ಮೆದುಳಿಗೂ ಕತ್ತರಿ ಬೀಳುವುದು ಗುಟ್ಟು. ಮುಖ ಬೆಳ್ಳಗಾಗುವ ಮುಲಾಮಿನ ಜಾಹೀರಾತುಗಳ ನಡುವೆ ಬೆಳೆದ ನಮ್ಮ ಹುಡುಗಿಯರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ.

ನಮ್ಮ ಸೀಮೆಯಿಂದಲೇ ಒಂದನ್ನು ಕಟ್ಟಿ ತೋರಿಸುವೆನು. ಎತ್ತಿಕೊಳ್ಳುವ ವಸ್ತು ನೀರು. ಚನ್ನಗಿರಿಯಲ್ಲಿ ಶಾಂತವ್ವೆಯೆಂಬ ರಾಜಪುತ್ರಿ ಕಟ್ಟಿಸಿದಳೆಂದು ಐತಿಹ್ಯವಿರುವ ಶಾಂತಿಸಾಗರವಿದೆ, ಅಡಕೆಯ ತೋಟಗಳಿವೆ. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುವಳು. ಹಿಂದೆ ಹೊನ್ನಾಳಿಗೇ ಸೇರಿದ್ದ ನ್ಯಾಮತಿ ಈಗ ಬೇರೆ ತಾಲ್ಲೂಕು. ಜಗಳೂರಾದರೋ ಬರದ ಸೀಮೆ. ಅಲ್ಲಿಯ ೫೭ ಕೆರೆಗಳಿಗೆ ತುಂಗಭದ್ರೆಯ ನೀರನ್ನು ಎತ್ತಿ ತುಂಬಿಸುವ ಯೋಜನೆಯನ್ನು ಕೈಗೊಳ್ಳಬೇಕಾಯಿತು. ನೀರಿಲ್ಲದ ಊರಿಗೆ ಹೆಣ್ಣು ಕೊಡಬಾರದೆಂಬ ಮಾತನ್ನು ಬಯಲುಸೀಮೆಯಲ್ಲಿ ಕೇಳದವರಿಲ್ಲ. ಈಗ ಕಲ್ಪಿಸಿಕೊಳ್ಳಿ: ೨೦೯೦ನೆಯ ಇಸವಿ. ದೊಡ್ಡದೊಂದು ಬರದ ಮೇಲೆ, ಎಲ್ಲರಿಗೂ ನ್ಯಾಯವಾಗಿ ಹಂಚಬೇಕೆಂದು ಸದ್ಬುದ್ಧಿಯಿಂದಲೇ ಹೊರಟ ಹಿರಿಯರು ಒಂದು ನೀರಿನ ಕಚೇರಿಯನ್ನು ಸ್ಥಾಪಿಸಿರುವರು. ಹುಟ್ಟಿದ ಊರಿನ ಮೇಲೆ ದಿನದ ಕೊಡಗಳ ಎಣಿಕೆ. ಹೆಣ್ಣು ಮದುವೆಯಾಗಿ ಬೇರೆ ಊರಿಗೆ ಹೋದರೆ ಅವಳ ಕೊಡಗಳು ತೌರಿನ ಪಾಲಿನಿಂದ ಕಳೆದುಹೋಗುವುವು. ಇಷ್ಟೇ ನಿಯಮ, ಕ್ರೂರವಾದುದೇನೂ ಕಾಣದು. ಆದರೆ ಹೆಣ್ಣುಮಕ್ಕಳನ್ನು ಹೊರಗೆ ಬಿಡುವ ಊರು ಒಣಗುವುದು, ಬಿಡದ ಊರು ಉಳಿಯುವುದು. ಹತ್ತು ವರ್ಷದಲ್ಲಿ ಊರ ಸುತ್ತ ಬೇಲಿ ಎದ್ದಿರುವುದು, ಹುಡುಗಿಯರನ್ನು ಕಾಯಲು ಆಳುಗಳು ನಿಂತಿರುವರು. ಕಚೇರಿಯಲ್ಲಿ ಲೆಕ್ಕ ಬರೆಯುವ ಹದಿನೈದು ವರ್ಷದ ಹುಡುಗಿಯೊಬ್ಬಳು, ವರ್ಷಕ್ಕೊಂದು ಹಳ್ಳಿಯ ಹೆಸರು ಪುಸ್ತಕದಿಂದ ಮಾಯವಾಗುವುದನ್ನು ಗಮನಿಸುವಳು. ಅಲ್ಲಿಂದ ಕಥೆ ಆರಂಭ. ಮುಂದಿನದನ್ನು ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಬರೆದರೆ ಬಹಳ ಸಂತೋಷ. ಏಕೆಂದರೆ ಕನ್ನಡದಲ್ಲಿ ಎಳೆಯರಿಗೆಂದೇ ಬರೆದ ಇಂತಹ ಕಾದಂಬರಿಗಳ ಬೆಳೆ ತೀರ ತೆಳುವಾಗಿದೆ.

ಹಾಗೆಂದು ಇಲ್ಲವೇ ಇಲ್ಲವೆನ್ನುವಂತಿಲ್ಲ. ಎಸ್. ಎಲ್. ಭೈರಪ್ಪನವರು (ಅವರು ತೀರಿಕೊಂಡದ್ದು ೨೦೨೫ರಲ್ಲಿ) ೨೦೧೪ರಲ್ಲಿ ಪ್ರಕಟಿಸಿದ 'ಯಾನ'ವು ದೊಡ್ಡವರಿಗಾಗಿ ಬರೆದದ್ದಾದರೂ ಈ ವಿಚಾರಕ್ಕೆ ತುಂಬ ಹತ್ತಿರವಾದುದು. ಸೂರ್ಯಮಂಡಲವನ್ನು ದಾಟಿ ತಲೆಮಾರುಗಳ ಕಾಲ ಸಾಗಬೇಕಾದ ಆಕಾಶನೌಕೆ, ಹಿಂದಿರುಗುವ ಮಾತಿಲ್ಲ. ಅದರೊಳಗೇ ಹುಟ್ಟಿ ಬೆಳೆದವರು ಆಕಾಶ್, ಮೇದಿನಿ ಎಂಬಿಬ್ಬರು. ಮಣ್ಣನ್ನು ಮೆಟ್ಟದ, ಮಳೆಯನ್ನು ಕಾಣದ ಈ ಮಕ್ಕಳು ತಾಯ್ತಂದೆಯರು ಬರೆದಿಟ್ಟ ದಿನಚರಿಗಳನ್ನು ಓದಿ, ತಮ್ಮ ಬಾಳು ಹೀಗಿರಬೇಕೆಂದು ತಾವು ಹುಟ್ಟುವ ಮುಂಚೆಯೇ ಗೊತ್ತಾಗಿದ್ದುದನ್ನು ಅರಿಯುವರು. ವಿಜ್ಞಾನದ ಮಾತು ಹೆಚ್ಚಾಯಿತೆಂದು ಕೆಲವರು ದೂರುವರು. ಅದೇನೇ ಇರಲಿ, ಆ ದಿನಚರಿಯ ಕಲ್ಪನೆ ಮಾತ್ರ ಬಲು ಸೊಗಸಾದುದು.

ಈ ಜಾತಿಯ ಎಲ್ಲ ಪುಸ್ತಕಗಳೂ ಒಳ್ಳೆಯವಲ್ಲ. 'ಹಂಗರ್ ಗೇಮ್ಸ್' ಹಣವನ್ನು ತಂದುದನ್ನು ಕಂಡು ಹಿಂಡುಹಿಂಡಾಗಿ ಹೊರಟವುಗಳಲ್ಲಿ ವ್ಯವಸ್ಥೆಯೆಂಬುದು ಬರಿಯ ಪರದೆ. ಮುಂದೆ ನಡೆಯುವುದು ಒಬ್ಬ ಹುಡುಗಿ, ಇಬ್ಬರು ಹುಡುಗರು ಎಂಬ ಹಳಸಲು ಪ್ರಣಯ. ೨೦೧೧ರ 'ಡೈವರ್ಜೆಂಟ್' ಎಂಬುದರಲ್ಲಿ ಜನರೆಲ್ಲ ಐದು ಪಂಗಡಗಳಾಗಿ, ಹದಿನಾರಕ್ಕೆ ಒಂದನ್ನು ಆರಿಸಿಕೊಂಡು ಜನ್ಮವೆಲ್ಲ ಅದರಲ್ಲಿಯೇ ಇರಬೇಕು. ಎಸ್. ಎಸ್. ಎಲ್. ಸಿ. ಮುಗಿದೊಡನೆ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ಕಣ್ಣೀರಿಡುವ ನಮ್ಮ ಮಕ್ಕಳಿಗೆ ಇದು ಬಹಳ ಹಿಡಿಸುವುದು. ಆದರೆ ಅಂತಹ ರಾಜ್ಯ ಒಂದು ವಾರವಾದರೂ ಹೇಗೆ ನಡೆದೀತೆಂದು ಕೇಳಿದರೆ ಗ್ರಂಥದಲ್ಲಿ ಉತ್ತರವಿಲ್ಲ. ಒಳ್ಳೆಯದನ್ನು ಗುರುತಿಸಲು ನಾನು ಒಂದನ್ನು ನೋಡುವೆನು: ಆ ಕೆಟ್ಟ ನಿಯಮದಿಂದ ಲಾಭವಾಗುತ್ತಿರುವುದು ಯಾರಿಗೆಂದು ಕಥೆ ತೋರಿಸುವುದೋ ಇಲ್ಲವೋ ಎಂಬುದು. ಕಥೆ ಬರಿಯ ಕಥೆಯಾಗಿ ಉಳಿಯದಿರುವುದೂ ಉಂಟು. ೨೦೧೪ರಲ್ಲಿ ಥಾಯ್ಲೆಂಡಿನಲ್ಲಿ ಸೈನ್ಯವು ಸರ್ಕಾರವನ್ನು ಕಿತ್ತುಕೊಂಡಾಗ, ವಿದ್ಯಾರ್ಥಿಗಳು ಕ್ಯಾಟ್ನಿಸಳಂತೆ ಮೂರು ಬೆರಳುಗಳನ್ನೆತ್ತಿ ಬೀದಿಯಲ್ಲಿ ನಿಂತರು. ಹಾಗೆ ನಿಂತವರನ್ನು ಸೈನಿಕರು ಹಿಡಿದೊಯ್ದರು.

ಕೊನೆಯದಾಗಿ ಕೊಳ್ಳುವವರಿಗೆ ಒಂದೆರಡು ಮಾತು. 'ದಿ ಗಿವರ್' ಹನ್ನೆರಡು ಹದಿಮೂರರ ವಯಸ್ಸಿಗೆ ಸರಿಯಾದುದು. ಇಂಗ್ಲಿಷ್ ಸುಲಭ, ಪುಟಗಳೂ ಕಡಮೆ. ಓದಿ ಮುಗಿಸಿದ ರಾತ್ರಿ ಮಗಳು ತಂದೆಯನ್ನು ಏನಾದರೂ ಕೇಳಿದರೆ ಗದರಿಸಬಾರದು. 'ಹಂಗರ್ ಗೇಮ್ಸ್' ಹದಿನಾಲ್ಕು ತುಂಬಿದ ಮೇಲಾಗಲಿ, ಮೊದಲ ಸಂಪುಟ ಸಾಕು. 'ಯಾನ'ವನ್ನು ಕಾಲೇಜಿಗೆ ಹೋದ ಮೇಲೆ ಓದಲಿ. 'ಸುಲ್ತಾನಾಳ ಕನಸು' ಎಲ್ಲ ವಯಸ್ಸಿನವರಿಗೂ ಸಲ್ಲುವುದು. ಒಂದು ಸಂಜೆಗೆ ಮುಗಿಯುವಷ್ಟು ಚಿಕ್ಕದು. ಮಗಳು ಅದನ್ನು ಕನ್ನಡದಲ್ಲಿ ಹೇಳುತ್ತ ಗಟ್ಟಿಯಾಗಿ ಓದಿದರೆ ಅಡುಗೆಯ ಮನೆಯಲ್ಲಿರುವವರಿಗೂ ಕೇಳಿಸುವುದು.